ಮೂಸಿ ಉಕ್ಕಿದ ವಾರ, ಸರ್ ಎಂ.ವಿ. ನೆನಪು

28 ಸೆಪ್ಟೆಂಬರ್ 2025, ಭಾನುವಾರ
ಹೈದರಾಬಾದ್

ನಿನ್ನೆ ರಾತ್ರಿಯೇ ಊರಿಗೆ ಹೊರಡಬೇಕಿತ್ತು. ಆದರೆ ಶುಕ್ರವಾರ ರಾತ್ರಿ ಮೂಸಿ ನದಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಕ್ಕೇ ನುಗ್ಗಿತು. ದಸರೆಗೆ ಹೊರಟವರು ಗಂಟುಮೂಟೆ ಹೊತ್ತು ನೀರು ತುಳಿಯುತ್ತಾ ಹೊರಬರುವುದನ್ನು ಮೊಬೈಲಿನಲ್ಲಿ ನೋಡಿ, ನನ್ನ ಪ್ರಯಾಣವನ್ನು ಒಂದು ದಿನ ಮುಂದೂಡಿದೆ. ನದಿಯ ನಡುಗಡ್ಡೆಯ ಮೇಲೆ ಕಟ್ಟಿದ ನಿಲ್ದಾಣ ಅದು. ನದಿ ತನ್ನ ಜಾಗಕ್ಕೆ ತಾನು ಬಂದಿದೆ, ಅಷ್ಟೆ.

ಅನಾಯಾಸವಾಗಿ ಸಿಕ್ಕ ಭಾನುವಾರ. ಬೆಳಿಗ್ಗೆ ಅಫ್ಜಲ್‌ಗಂಜ್‌ಗೆ ಹೋಗಿ ಉಸ್ಮಾನಿಯಾ ಆಸ್ಪತ್ರೆ ಆವರಣದ ಹುಣಸೆಮರ ನೋಡಿ ಬಂದೆ. ಇವತ್ತಿಗೆ ಸರಿಯಾಗಿ 117 ವರ್ಷಗಳ ಹಿಂದೆ, 1908ರ ಸೆಪ್ಟೆಂಬರ್ 28ರಂದು, ಇದೇ ಮೂಸಿ ಊರನ್ನು ಗುಡಿಸಿಕೊಂಡು ಹೋದಾಗ ಸುಮಾರು 150 ಜನ ಈ ಮರ ಹತ್ತಿ ಕುಳಿತು ಜೀವ ಉಳಿಸಿಕೊಂಡರಂತೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ಒಂದೇ ಪ್ರವಾಹದಲ್ಲಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಇಂದು ಮರದ ಬುಡದಲ್ಲಿ ರೋಗಿಯ ಕಡೆಯ ಹೆಂಗಸೊಬ್ಬರು ಡಬ್ಬಿ ಬಿಚ್ಚಿ ಅನ್ನ ಕಲಸುತ್ತಿದ್ದರು. ನಾನು ಕೊಂಬೆಗಳನ್ನು ಎಣಿಸುತ್ತಾ ನಿಂತದ್ದನ್ನು ನೋಡಿ ಒಂದು ಕ್ಷಣ ಕೈ ತಡೆದರು. ಒಂದೊಂದು ಕೊಂಬೆಗೆ ಎಷ್ಟು ಜನ ಜೋತುಬಿದ್ದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ?

ಹದಿಮೂರು ದಿನಗಳ ಹಿಂದಷ್ಟೇ ಇಂಜಿನಿಯರುಗಳ ದಿನ ಮುಗಿಯಿತು. ಪ್ರತಿ ವರ್ಷದಂತೆ ಈ ಸಲವೂ ವಾಟ್ಸ್ಆ್ಯಪ್ ತುಂಬ ಅದೇ ಎರಡು ಮೇಣದಬತ್ತಿಯ ಕಥೆ, ಅದೇ ರೈಲು ಹಳಿಯ ಬಿರುಕಿನ ಕಥೆ. ನನಗೆ ಆ ಕಥೆಗಳ ಮೇಲೆ ಸಿಟ್ಟಿದೆ. ವಿಶ್ವೇಶ್ವರಯ್ಯನವರನ್ನು ಅವು ಪವಾಡಪುರುಷರನ್ನಾಗಿ ಮಾಡಿ, ಅವರ ಕೆಲಸವನ್ನೇ ಮರೆಸಿಬಿಡುತ್ತವೆ. ಮೈಸೂರಿನ ದಿವಾನರು, ಕನ್ನಂಬಾಡಿ ಕಟ್ಟಿದವರು ಎಂಬುದು ನಮಗೆಲ್ಲ ಗೊತ್ತು. ಆದರೆ ಅದಕ್ಕೂ ಮೊದಲು, ಅದಾದ ಮೇಲೂ, ಅವರು ಊರೂರು ಸುತ್ತಿದ ಸಲಹೆಗಾರ ಇಂಜಿನಿಯರ್. ಕರೆದಲ್ಲಿಗೆ ಹೋಗಿ, ಕಣ್ಣಾರೆ ನೋಡಿ, ಅಳೆದು, ವರದಿ ಬರೆದು, ಮುಂದಿನ ಊರಿನ ರೈಲು ಹತ್ತುತ್ತಿದ್ದವರು. ಅದೇ ಕಸುಬಿನ ಬಾಲಂಗೋಚಿಯಾದ ನನಗೆ ಆ ಸಲಹೆಗಾರರೇ ಹೆಚ್ಚು ಹತ್ತಿರ.

ಪ್ರವಾಹ ಬಂದಾಗ ಅವರಿಗೆ 48 ವರ್ಷ. 1884ರಲ್ಲಿ ಸೇರಿದ್ದ ಮುಂಬಯಿ ಸರ್ಕಾರದ ನೌಕರಿಯನ್ನು ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದರು. ಅಷ್ಟರಲ್ಲಾಗಲೇ ಸಿಂಧೂ ನದಿ ದಂಡೆಯ ಸಕ್ಕರ್‌ಗೆ ಕುಡಿಯುವ ನೀರು ಕೊಟ್ಟಿದ್ದರು, 1898ರಲ್ಲಿ ಜಪಾನ್ ನೋಡಿ ಬಂದಿದ್ದರು, ಪುಣೆಯ ಖಡಕ್‌ವಾಸ್ಲಾದಲ್ಲಿ ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ಕೂರಿಸಿದ್ದರು, ನೀರಿಗೆ ಒಳಚರಂಡಿಗೆ ದಾರಿ ತೋರಿಸಲು ಏಡನ್ನಿಗೂ ಹೋಗಿ ಬಂದಿದ್ದರು. ನಿಜಾಮರ ಸರ್ಕಾರದ ಕರೆ ಹೋದದ್ದು ಅಂಥವರಿಗೆ. ಅವರು ಪ್ರವಾಸ ಮುಗಿಸಿಕೊಂಡೇ 1909ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರು.

ಬಂದವರು ಮಾಡಿದ್ದೇನು? ನೀರು ನುಗ್ಗಿದ್ದು ಊರಿಗೆ. ಇವರು ನೋಡಿದ್ದು ಊರಿನಿಂದ ಮೇಲಕ್ಕೆ. ಹೈದರಾಬಾದಿಗೆ ಬರುವ ಮೊದಲು ಮೂಸಿಯ ಜಲಾನಯನ 860 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಶಂಷಾಬಾದಿನ ಮಳೆಮಾಪಕದಲ್ಲಿ 24 ಗಂಟೆಗಳಲ್ಲಿ 12.8 ಇಂಚು ದಾಖಲಾಗಿತ್ತು. ಅಷ್ಟು ಮಳೆಗೆ 221 ಕೆರೆಗಳು ಒಡೆದವು. ಅವುಗಳಲ್ಲಿ 182 ಉಪನದಿ ಈಸಿಯ ಕಡೆಯವು. ಒಂದು ಕೆರೆಯ ಏರಿ ಒಡೆದರೆ ಅದರ ನೀರಷ್ಟೂ ಕೆಳಗಿನ ಕೆರೆಯ ಮೇಲೆ, ಅದು ಒಡೆದರೆ ಅದರ ಕೆಳಗಿನದರ ಮೇಲೆ. ಹೀಗೆ ಏರಿಗಳನ್ನು ಮುರಿಯುತ್ತಾ ಬಂದ ನೀರು ಊರು ಮುಟ್ಟುವ ಹೊತ್ತಿಗೆ ಬರಿಯ ಮಳೆನೀರಾಗಿ ಉಳಿದಿರಲಿಲ್ಲ.

ಮುದ್ದೇನಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎಂಬುದು ನನ್ನ ಊಹೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಸೀಮೆಯೇ ಹಾಗೆ: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಮಳೆ ಜೋರಾದ ರಾತ್ರಿ ನೀರಗಂಟಿ ಲಾಟೀನು ಹಿಡಿದು ಏರಿಯ ಮೇಲೆ ಓಡಾಡುತ್ತಿದ್ದದ್ದು ನನ್ನ ಅಜ್ಜಿ ಹೇಳುತ್ತಿದ್ದ ಮಾತು. ಪುಣೆಯಲ್ಲಿ ಕಲಿತ ಲೆಕ್ಕಕ್ಕೆ ಈ ಕೆರೆಸೀಮೆಯ ಕಣ್ಣು ಸೇರಿದ್ದರಿಂದಲೇ 788 ಎಂಬ ಅಂಕಿ ಕಾಗದಕ್ಕೆ ಇಳಿದಿರಬೇಕು.

ನನ್ನ ಕಥೆ ಬೇರೆ. ಹೋದ ತಿಂಗಳು ಒಬ್ಬರು ಬಡಾವಣೆಯ ಚರಂಡಿಗೆ ವರದಿ ಕೇಳಿದರು. ಮೇಲಿನ ಕುಂಟೆಗಳನ್ನು ನೋಡಿ ಬರುತ್ತೇನೆ ಎಂದರೆ, ‘ನೋಡುವುದೇನಿದೆ, ನಕ್ಷೆ ಕಳಿಸಿದ್ದೇವಲ್ಲ, ಶುಕ್ರವಾರದೊಳಗೆ ಕೊಡಿ’ ಎಂದರು. ಕೊಟ್ಟೆ. ಕೊಟ್ಟದ್ದಕ್ಕೆ ಈ ವಾರ ನಿದ್ದೆ ಸರಿಯಾಗಿಲ್ಲ.

ವಿಶ್ವೇಶ್ವರಯ್ಯನವರ ಸಲಹೆ ಒಂದು ಸಾಲಿನಲ್ಲಿ ಹೇಳುವಷ್ಟು ಸರಳ: ಊರಿನ ಮೇಲ್ಗಡೆ ಎರಡೂ ಹೊಳೆಗಳಿಗೆ ಜಲಾಶಯ ಕಟ್ಟಿ, ಪ್ರವಾಹವನ್ನು ಅಲ್ಲೇ ಹಿಡಿದು, ಊರು ತಾಳುವಷ್ಟನ್ನೇ ಕೆಳಗೆ ಬಿಡಿ. 1909ರ ಅಕ್ಟೋಬರ್‌ನಲ್ಲಿ ವರದಿ ಒಪ್ಪಿಸಿದರು, ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಮೂಸಿಗೆ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಈಸಿಗೆ ಹಿಮಾಯತ್ ಸಾಗರ 1927ರಲ್ಲಿ. ಒಂದಕ್ಕೆ ನಿಜಾಮರ ಹೆಸರು, ಇನ್ನೊಂದಕ್ಕೆ ಅವರ ಮಗನ ಹೆಸರು. ಮೊದಲ ಕಟ್ಟೆ ಮುಗಿಯುವ ಹೊತ್ತಿಗೆ ಇವರು ಆರು ವರ್ಷ ದಿವಾನಗಿರಿ ಮಾಡಿ, ಅದನ್ನೂ ಬಿಟ್ಟಾಗಿತ್ತು. ಮುಂದೆ ಅದೇ ತಿರುಗಾಟ. ಒರಿಸ್ಸಾದ ಪ್ರವಾಹಗಳಿಗೆ ವರದಿ; 1946ರಲ್ಲಿ, 85ರ ವಯಸ್ಸಿನಲ್ಲಿ, ಕೈಗಾರಿಕೋದ್ಯಮಿಗಳ ನಿಯೋಗ ಕಟ್ಟಿಕೊಂಡು ವಿದೇಶ; ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಬರಬೇಕೆಂಬ ಪರಿಶೀಲನೆ. ನನಗೆ 54, ಮಿಯಾಪುರದಿಂದ ಅಫ್ಜಲ್‌ಗಂಜ್‌ಗೆ ಹೋಗಿ ಬಂದದ್ದಕ್ಕೇ ಸೊಂಟ ಹಿಡಿದುಕೊಂಡಿದೆ.

ಶುಕ್ರವಾರ ತೆರೆದದ್ದು ಆ ಎರಡು ಜಲಾಶಯಗಳ ಗೇಟುಗಳನ್ನೇ. ‘ಇನ್ನೇನು ಬಂತು ನಿಮ್ಮ ವಿಶ್ವೇಶ್ವರಯ್ಯನವರ ಯೋಜನೆಯಿಂದ?’ ಎಂದು ಪಕ್ಕದ ಮನೆಯವರು ಕೆಣಕಿದರು. ಗೇಟು ಇರುವುದು ತೆರೆಯುವುದಕ್ಕೇ. 1908ರ ರಾತ್ರಿ ಮೇಲಿನಿಂದ ಏನು ಬರುತ್ತಿದೆ ಎಂದು ಹೇಳುವವರಿರಲಿಲ್ಲ. ಈಗ ನೀರು ಬಿಡುವ ಮೊದಲು ದಂಡೆಯವರಿಗೆ ಹೇಳಿ ಎಬ್ಬಿಸಬಹುದು. ಬಿಟ್ಟ ನೀರು ಹರಿಯುವ ದಾರಿಯಲ್ಲಿ ನಾವು ಏನೇನು ಕಟ್ಟಿಕೊಂಡಿದ್ದೇವೆ ಎಂಬುದಕ್ಕೆ ಅವರ ವರದಿ ಹೊಣೆಯೇ? ಇಷ್ಟನ್ನು ಹೇಳಿ, ಕಾಫಿ ಕುಡಿದು ಎದ್ದು ಬಂದೆ.

ರಾತ್ರಿ ಹತ್ತು ಗಂಟೆ. ಬಸ್ಸು ಶಂಷಾಬಾದ್ ದಾಟುತ್ತಿದೆ. ವಿಮಾನವೊಂದು ದೀಪ ಹೊತ್ತು ತಗ್ಗಿನಲ್ಲಿ ಇಳಿಯಿತು. ಅಮ್ಮನಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ, ಊರಿನ ಕೆರೆ ಕೋಡಿ ಬಿತ್ತೇ ಎಂದು ಕೇಳಿದೆ.

‘ಇಲ್ಲಪ್ಪ, ಇನ್ನೂ ಎರಡು ಅಡಿ ಬೇಕಂತೆ’ ಎಂದರು.