ಟ್ಯೂಬಿನಲ್ಲಿ ಉಳಿದ ರಕ್ತ ಯಾರದು?

ನ್ಯೂಜಿಲೆಂಡಿನಲ್ಲಿ ಜೀನೋಮ್, ಅಂದರೆ ದೇಹದ ಪೂರ್ತಿ ಡಿಎನ್ಎಯ ಸಂಶೋಧನೆ ಮಾಡುವವರಿಗೆ 2016ರಿಂದ ಎರಡು ಕೈಪಿಡಿಗಳಿವೆ: ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರೊಂದಿಗಿನ ಸಂಶೋಧನೆಗೆ ‘ಟೆ ಮಾಟಾ ಇರಾ’, ರಕ್ತ, ಅಂಗಾಂಶದ ಮಾದರಿಗಳನ್ನು ಕೂಡಿಡುವ ಬಯೋಬ್ಯಾಂಕುಗಳಿಗೆ ‘ಹೆ ಟಾಂಗಟಾ ಕೆಯ್ ಟುವಾ’. ಮಾವೋರಿಗಳಿಗೆ ವಂಶಾವಳಿ ಇಡೀ ಕುಟುಂಬದ ಸೊತ್ತು. ಹಾಗಾಗಿ ಒಬ್ಬರ ಡಿಎನ್ಎಗೆ ಒಬ್ಬರ ಸಹಿ ಸಾಲದು.

ಕೆಲಸ ಕೆಡುವುದು ಬಹುತೇಕ ಶುರುವಿನಲ್ಲೇ. ಅನುದಾನ ಬಂದ ಮೇಲೆ ಬುಡಕಟ್ಟಿನ ಹಿರಿಯರನ್ನು ಕಾಣಲು ಹೋದರೆ ಸಂಶೋಧನೆಯ ಪ್ರಶ್ನೆ ಆಗಲೇ ಗಟ್ಟಿಯಾಗಿರುತ್ತದೆ. ಅವರಿಗೆ ಉಳಿಯುವುದು ಮುದ್ರೆ ಒತ್ತುವ ಕೆಲಸವಷ್ಟೇ. ಅರ್ಜಿ ಬರೆಯುವ ಮೊದಲೇ ಮಾತಾಡಬೇಕು. ಸಭೆ, ಊಟ, ಓಡಾಟದ ಖರ್ಚನ್ನು ಬಜೆಟ್ಟಿನಲ್ಲೇ ತೋರಿಸಬೇಕು.

ಇನ್ನು ಒಪ್ಪಿಗೆ ಪತ್ರ. ಅಮೆರಿಕದ ಹವಾಸುಪಾಯಿ ಬುಡಕಟ್ಟಿನ ಜನ 1990ರಿಂದ ರಕ್ತ ಕೊಟ್ಟಿದ್ದು ಮಧುಮೇಹದ ಅಧ್ಯಯನಕ್ಕೆಂದು ನಂಬಿ. ಪತ್ರದಲ್ಲಿ ಇದ್ದದ್ದು ‘ವರ್ತನೆ ಮತ್ತು ಆರೋಗ್ಯದ ತೊಂದರೆಗಳು’ ಎಂಬ ಸಡಿಲ ಸಾಲು. ಅದೇ ರಕ್ತ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ, ಅವರ ಪೂರ್ವಜರ ವಲಸೆಯ ಇತಿಹಾಸದ ಅಧ್ಯಯನಕ್ಕೂ ಹೋಯಿತು. ಸಂಶೋಧನೆ ನಡೆಸಿದ ವಿಶ್ವವಿದ್ಯಾಲಯ 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಮಾದರಿಗಳನ್ನು ಹಿಂತಿರುಗಿಸಬೇಕಾಯಿತು. ಆದ್ದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು–ಇಲ್ಲ ಗೆರೆ ಇರಲಿ: ಈ ಅಧ್ಯಯನಕ್ಕೆ ಮಾತ್ರವೋ, ಮುಂದಿನವಕ್ಕೂ ಆಗಬಹುದೋ? ಹೊರದೇಶಕ್ಕೆ ಕಳಿಸಬಹುದೋ? ಕುಟುಂಬಕ್ಕೆ ತಟ್ಟುವ ಫಲಿತಾಂಶ ಬಂದರೆ ಯಾರಿಗೆ ಹೇಳಬೇಕು? ಉಳಿದ ಮಾದರಿಯನ್ನು ವಾಪಸ್ ಕೊಡಬೇಕೋ, ಕರಾಕಿಯಾ ಎಂಬ ಪ್ರಾರ್ಥನೆಯೊಂದಿಗೆ ವಿಲೇವಾರಿ ಮಾಡಬೇಕೋ?

ಕೊನೆಯದು ಬರೆದುಕೊಟ್ಟಷ್ಟು ಸುಲಭವಲ್ಲ. ಹೆಸರಿನ ಕೊಂಡಿ ಪೂರ್ತಿ ಅಳಿಸಿದರೆ ಯಾವ ಟ್ಯೂಬ್ ಯಾರದೆಂದು ತಿಳಿಯುವುದಿಲ್ಲ. ಕೋಡ್ ಹಾಕಿ, ಅದರ ಪಟ್ಟಿಯನ್ನು ಬೀಗದಲ್ಲಿ ಕೊನೆಯವರೆಗೂ ಇಡಬೇಕು. ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್ಎಯ ಅಕ್ಷರಕ್ರಮ ಓದಿಸಲು, ಹೊರದೇಶದ ಲ್ಯಾಬಿಗೆ ಹೋದ ಡಿಎನ್ಎಯಲ್ಲಿ ಉಳಿದದ್ದನ್ನು ಏನು ಮಾಡಬೇಕೆಂಬುದು ಕರಾರಿನಲ್ಲಿಲ್ಲದಿದ್ದರೆ ಅದು ಅಲ್ಲಿನ ಕಸಕ್ಕೇ ಸೇರುತ್ತದೆ. ಸಣ್ಣ ಸಮುದಾಯದಲ್ಲಿ ಹೆಸರು ಮುಚ್ಚಿಟ್ಟೂ ಪ್ರಯೋಜನ ಕಡಿಮೆ. ಊರು ಮತ್ತು ಅಪರೂಪದ ಕಾಯಿಲೆ ಎರಡನ್ನೂ ಬರೆದರೆ ಯಾರ ಮನೆಯೆಂದು ಅಲ್ಲಿನ ಮಕ್ಕಳೂ ಹೇಳಿಯಾರು.

ಸರಿಯಾಗಿ ಮಾಡಿದರೆ ಸಿಗುವ ಫಲಕ್ಕೆ ಟೌರಂಗಾದ ಮಾವೋರಿ ಕುಟುಂಬವೇ ಸಾಕ್ಷಿ. ಹೊಟ್ಟೆಯ ಕ್ಯಾನ್ಸರಿಗೆ ತಲೆಮಾರುಗಳನ್ನು ಕಳೆದುಕೊಂಡಿದ್ದ ಅವರು ತಾವೇ ಒಟಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳ ಬಳಿ ಹೋದರು. ವಂಶಾವಳಿಯೂ ಅವರದೇ. 1998ರಲ್ಲಿ ಸಿಡಿಎಚ್1 ಜೀನಿನ ದೋಷ ಪತ್ತೆಯಾಯಿತು. ಈಗ ದೋಷ ಹೊತ್ತವರು ಮೊದಲೇ ಎಂಡೋಸ್ಕೋಪಿಗೋ, ಜಠರ ತೆಗೆಸುವ ಶಸ್ತ್ರಚಿಕಿತ್ಸೆಗೋ ಹೋಗಬಹುದು.

ಊರಿನ ಓದುಗರಿಗೆ ಇದು ದೂರದ ಮಾತಲ್ಲ. ಸಿಕಲ್ ಸೆಲ್ ಎಂಬುದು ಬುಡಕಟ್ಟು ಜನರಲ್ಲಿ ಹೆಚ್ಚಾಗಿ ಕಾಣುವ, ವಂಶವಾಹಿಯಾಗಿ ಬರುವ ರಕ್ತದ ಕಾಯಿಲೆ. ಭಾರತದಲ್ಲಿ 2023ರಲ್ಲಿ ಶುರುವಾದ ಅದರ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಬುಡಕಟ್ಟು ಪ್ರದೇಶದಲ್ಲಿ ಸಂಶೋಧನೆಗೆ ಜಿಲ್ಲಾಧಿಕಾರಿಯಂಥವರ ಅನುಮತಿ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಆದರೆ ಜಿಲ್ಲಾಧಿಕಾರಿಯ ಪತ್ರ ಸೋಲಿಗರ ಪೋಡಿನ, ಜೇನುಕುರುಬರ ಹಾಡಿಯ ಒಪ್ಪಿಗೆಯಾಗುವುದಿಲ್ಲ. ತಪಾಸಣೆಯಲ್ಲಿ ಉಳಿದ ರಕ್ತವನ್ನು ಬೇರೆ ಅಧ್ಯಯನಕ್ಕೆ ಇಡುವ ಯೋಚನೆಯಿದ್ದರೆ, ಅದನ್ನು ಸೂಜಿ ಚುಚ್ಚುವ ಮೊದಲೇ ಬೇರೆಯಾಗಿ ಕೇಳಿ. ಆಮೇಲೆ ಮನೆ ಮನೆ ಸುತ್ತಿದರೆ ಅರ್ಧ ಜನ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿರುತ್ತಾರೆ.