ಶ್ರೂಸ್‌ಬರಿಯ ಹಳೆಯ ಪೇಟೆ

ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣವನ್ನು ಸೆವೆರ್ನ್ ನದಿ ಬಹುತೇಕ ಸುತ್ತುವರಿದು ಹರಿಯುವುದರಿಂದ ಅಲ್ಲಿನ ಸೇತುವೆಗಳಿಗೆ ವಿಶೇಷ ಮಹತ್ವವಿದೆ. ಅಣ್ಣ, ಅತ್ತಿಗೆಯೊಂದಿಗೆ ನಾನು ಇಂಗ್ಲಿಷ್ ಸೇತುವೆ ದಾಟಿ ಏರುದಾರಿಯಲ್ಲಿ ಪೇಟೆಗೆ ಬಂದೆ; ಇನ್ನೊಂದು ಮಗ್ಗುಲಿನ ವೆಲ್ಷ್ ಸೇತುವೆ ವೇಲ್ಸ್ ಕಡೆಯ ಹಳೆಯ ದಾರಿ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 1596ರಲ್ಲಿ ಕಟ್ಟಿದ ಕಲ್ಲಿನ ಮಾರುಕಟ್ಟೆ ಭವನ. ಕೆಳಗೆ, ತೆರೆದ ಕಮಾನುಗಳ ನೆರಳಿನಲ್ಲಿ, ದವಸದ ವ್ಯಾಪಾರ ನಡೆಯುತ್ತಿದ್ದರೆ, ಮೇಲಂತಸ್ತಿನಲ್ಲಿ ಶ್ರೂಸ್‌ಬರಿಯ ಬಟ್ಟೆ ವರ್ತಕರು ವೇಲ್ಸ್‌ನಿಂದ ಬಂದ ಉಣ್ಣೆಬಟ್ಟೆಯನ್ನು ಕೊಂಡು ಮಾರುತ್ತಿದ್ದರು. ಕೆಳಗಿನ ಕಂಬವೊಂದರಲ್ಲಿ ಲೆಕ್ಕವಿಡಲೆಂದು ಕೊರೆದ ಸಣ್ಣ ರಂಧ್ರಗಳ ಸಾಲುಗಳು ಇಂದಿಗೂ ಉಳಿದಿವೆ. ಶಿವಮೊಗ್ಗದ ಅಡಿಕೆ ಮಂಡಿಯ ತೂಕ, ಧಾರಣೆ, ಚೀಟಿಗಳ ಮಾತು ಕೇಳುತ್ತಲೇ ಬೆಳೆದ ನನಗೆ, ಹೆಸರು ಉಳಿಯದ ಆ ವರ್ತಕರು ತೀರ ಪರಿಚಿತರೆನಿಸಿದರು. ಈಗ ಮೇಲಂತಸ್ತಿನಲ್ಲಿ ಚಿತ್ರಮಂದಿರವಿದೆ. ಕಟ್ಟಡವನ್ನು ಬೀಗ ಹಾಕಿ ಕಾಯುವುದಕ್ಕಿಂತ ಹೀಗೆ ಜನರ ಬಳಕೆಯಲ್ಲಿ ಇಟ್ಟುಕೊಳ್ಳುವುದೇ ಸರಿಯಾದ ಸಂರಕ್ಷಣೆ ಎಂದು ನಾನು ನಂಬುತ್ತೇನೆ.

1809ರಲ್ಲಿ ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು ಇದೇ ಊರಿನಲ್ಲಿ. ಅವರು ಓದಿದ ಶಾಲೆಯ ಕಟ್ಟಡ ಇಂದು ಗ್ರಂಥಾಲಯವಾಗಿದ್ದು, ಅದರ ಮುಂದೆ ಅವರ ಪ್ರತಿಮೆಯಿದೆ.

ನದಿಯ ಸಾಮೀಪ್ಯಕ್ಕೆ ಊರು ಬೆಲೆಯನ್ನೂ ತೆತ್ತಿದೆ. ನಮ್ಮಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಜನ ಬಾಗಿನ ಅರ್ಪಿಸಲು ಹೋಗುತ್ತಾರೆ. ಅಲ್ಲಿ ಸೆವೆರ್ನ್ ಏರತೊಡಗಿದರೆ ಫ್ರಾಂಕ್‌ವೆಲ್ ಬಡಾವಣೆಯ ದಂಡೆಯಲ್ಲಿ, ಬೇಕಾದಾಗ ಜೋಡಿಸಿ ಆಮೇಲೆ ಬಿಚ್ಚಿಡಬಹುದಾದ ತಡೆಗೋಡೆಯನ್ನು ನಿಲ್ಲಿಸುತ್ತಾರೆ. ತುಂಗೆಯ ದಂಡೆಯ ತಗ್ಗು ಬಡಾವಣೆಗಳಿಗೂ ಇಂಥ ವ್ಯವಸ್ಥೆ ಹೊಂದೀತೇ ಎಂಬುದನ್ನು ನಮ್ಮ ಎಂಜಿನಿಯರುಗಳು ಪರಿಶೀಲಿಸಬೇಕು.