ಝುಣಕ ಉಳಿಯಿತು, ಬ್ಲೂಬೆರಿ ಬಲಿಯಾಯಿತು

ಕೊನೆಗೂ ಗೆದ್ದೆ. ತಣ್ಣಗಿನ ಝುಣಕದ ವಡಿ, ಖಡಕ್ ರೊಟ್ಟಿ, ಗಟ್ಟಿ ಮೊಸರು. ತಟ್ಟೆ ಖಾಲಿ. ಹೊಟ್ಟೆ ತಕರಾರು ಮಾಡಲಿಲ್ಲ, ಮೂಗು ಕೂಡ ಸುಮ್ಮನಿತ್ತು. ತೂಕ ಇಳಿಸಲಿಕ್ಕೆ ವಾರಕ್ಕೊಮ್ಮೆ ಸೂಜಿ ಚುಚ್ಚಿಕೊಳ್ಳುವವರಿಗೆ ಮಾತ್ರ ಈ ಖುಷಿ ಅರ್ಥವಾಗುತ್ತದೆ. ಉಳಿದವರಿಗೆ ಇದು ಬರೀ ರಾತ್ರಿ ಊಟ.

ಸೂಜಿಯ ಜಾಗ ಹೇಗೆ ಬದಲಿಸಬೇಕು, ಔಷಧ ತುಂಬಿದ ಸೂಜಿಯ ಪೆನ್ ಫ್ರಿಜ್‌ನಲ್ಲಿ ಎಲ್ಲಿಡಬೇಕು, ಮಲಬದ್ಧತೆಗೆ ಏನು ಮಾಡಬೇಕು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಬಿಟ್ಟುಬಿಡುತ್ತೇನೆ. ತೂಕದ ಲೆಕ್ಕವನ್ನೂ ಈ ಸಲ ಬರೆಯುವುದಿಲ್ಲ. ಇಳಿಯುತ್ತಿದೆ, ಅಷ್ಟು ಸಾಕು. ಈ ಕಂತು ಪೂರ್ತಿ ಒಂದೇ ಕಗ್ಗಂಟಿನದು. ಸೂಜಿಯಲ್ಲಿರುವ ಹಸಿವು ತಗ್ಗಿಸುವ ಔಷಧ ಸೆಮಾಗ್ಲೂಟೈಡ್ 0.5ರಿಂದ 1 ಮಿಲಿಗ್ರಾಂಗೆ ಏರಿದ ವಾರ ಝುಣಕ ನನಗೆ ವೈರಿಯಾಯಿತು.

ಹಸಿವಿಲ್ಲದ್ದು ಬೇರೆ, ಒಲ್ಲೆ ಅನಿಸುವುದು ಬೇರೆ. ಹಸಿವಿಲ್ಲದಿದ್ದರೆ ಎರಡು ತುತ್ತು ತಿಂದು ಏಳಬಹುದು. ಇದು ಹಾಗಲ್ಲ. ಅವ್ವ ಒಲೆಯ ಮೇಲೆ ಎಣ್ಣೆ ಇಟ್ಟು ಕಡ್ಲಿ ಹಿಟ್ಟಿನ ಡಬ್ಬಿ ತೆಗೆದರೆ ಸಾಕು, ನಾನು ಹಿತ್ತಲ ಬಾಗಿಲಿಗೆ ಓಡುತ್ತಿದ್ದೆ. "ಏನೋ ತಮ್ಮಾ, ಬಸರಿ ಹೆಂಗಸಿನ್ಹಂಗ ಮಾಡಾಕತ್ತೀಯಲ್ಲ" ಅಂತ ಅವ್ವ. ಬಸುರಿಗಾದರೆ ಕುಬಸ ಮಾಡಿ ಬುತ್ತಿ ತರುತ್ತಾರೆ. ನನಗೆ ಬೈಗುಳ ಮಾತ್ರ. ಸಂಜೆ ದುರ್ಗದಬೈಲಿನ ಕಡೆ ಹೋಗುವುದೂ ನಿಂತಿತು. ಹುಬ್ಬಳ್ಳಿಯವನೊಬ್ಬ ಮಿರ್ಚಿ ಬಾಣಲೆ ಕಂಡು ರಸ್ತೆ ದಾಟಿ ಆಚೆ ಕಡೆಯಿಂದ ನಡೆದು ಹೋಗುತ್ತಾನೆ ಅಂದರೆ ಅವನ ಗತಿ ಏನಾಗಿರಬೇಕು ನೋಡಿ.

ಝುಣಕ ಹೋದರೆ ಹೋಗಲಿ ಅನ್ನುವಂತಿಲ್ಲ. ನಮ್ಮದು ಮೊಟ್ಟೆಯೂ ಬಾರದ ಮನೆ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ಅದಕ್ಕೇ ಡಯಟಿಶಿಯನ್ ಮೇಡಂ ದೇಹದ ತೂಕದ ಕೆ.ಜಿ.ಗೆ 1.2 ಗ್ರಾಂ ಪ್ರೋಟೀನ್ ತಿನ್ನಲೇಬೇಕು ಅಂದಿದ್ದಾರೆ. 100 ಗ್ರಾಂ ಕಡ್ಲಿ ಹಿಟ್ಟಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅದನ್ನು ಬಿಟ್ಟು ಬರೀ ಮಜ್ಜಿಗೆ ಕುಡಿದರೆ ಲೆಕ್ಕ ಎಲ್ಲಿ ಕೂಡಬೇಕು?

ಪ್ರೋಟೀನ್ ಪುಡಿ ಇದೆಯಲ್ಲ, ಕಲಸಿ ಕುಡಿ ಅನ್ನುತ್ತೀರಿ. ಕುಡಿದೆ. ಆನ್‌ಲೈನ್‌ನಲ್ಲಿ ಯಾವ ಫ್ಲೇವರೂ ಇಲ್ಲದ್ದನ್ನು ತರಿಸಿದರೆ ಬಂದದ್ದು ಕುಕೀಸ್ ಆ್ಯಂಡ್ ಕ್ರೀಮ್. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಯಾಕೆಂದರೆ ಅದು ತಿನ್ನುವ ವಸ್ತು. ತಿನ್ನಲಿಕ್ಕಾಗದ್ದಕ್ಕೇ ಅಲ್ವಾ ವಾಪಸ್ ಕಳಿಸುತ್ತಿರುವುದು? ಆ ಡಬ್ಬಿ ಈಗ ಅಟ್ಟದ ಮೇಲಿದೆ. ಬೇಕಾದವರು ಒಯ್ಯಬಹುದು.

ಝುಣಕ ಯಾಕೆ ಒಲ್ಲೆ ಅನಿಸಿತು ಅಂತ ಕಾರಣ ಹುಡುಕುತ್ತಾ ಹೋಗಿ ಇಲಿಗಳ ಹತ್ತಿರ ಮುಟ್ಟಿದೆ. 1955ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿನೀರು ಕುಡಿಸಿ, ಮೈಮೇಲೆ ವಿಕಿರಣ ಬಿಟ್ಟರು. ಮುಂದೆ ಇಲಿಗಳು ಸಿಹಿನೀರನ್ನು ದೂರ ಇಟ್ಟವು. ತೊಂದರೆ ಕೊಟ್ಟದ್ದು ವಿಕಿರಣ, ಸಿಟ್ಟು ಹೋಗಿದ್ದು ನೀರಿನ ಮೇಲೆ. ತಿಂದದ್ದಕ್ಕೂ ಹೊಟ್ಟೆ ತೊಳಸಿದ್ದಕ್ಕೂ ನಡುವೆ ಗಂಟೆಗಟ್ಟಲೆ ಅಂತರ ಇದ್ದರೂ ಈ ಗಂಟು ಬೀಳುತ್ತದೆ. ಒಂದೇ ಸಲಕ್ಕೂ ಬೀಳಬಹುದು. ಔಷಧ ಅಂತ ತಲೆಗೆ ಚೆನ್ನಾಗಿ ಗೊತ್ತಿದ್ದರೂ ಹೊಟ್ಟೆ ಕೇಳುವುದಿಲ್ಲ.

ನನ್ನ ವಿಷಯಕ್ಕೆ ಬಂದರೆ, ಶುಕ್ರವಾರ ರಾತ್ರಿ ಸೂಜಿ. ಸೆಮಾಗ್ಲೂಟೈಡ್ ರಕ್ತದಲ್ಲಿ ಅತಿ ಹೆಚ್ಚು ಇರುವುದು ಚುಚ್ಚಿದ ಮೇಲೆ ಒಂದರಿಂದ ಮೂರು ದಿನದ ಒಳಗೆ. ಅಂದರೆ ಶನಿವಾರ ರಾತ್ರಿಯಿಂದ ಸೋಮವಾರ ರಾತ್ರಿ ತನಕ. ನಮ್ಮ ಮನೆಯಲ್ಲಿ ಝುಣಕ ಆಗುವುದು ಶನಿವಾರ. ಇನ್ನೇನು ಬೇಕು?

ಆದರೆ ಝುಣಕದಲ್ಲಿ ಹತ್ತು ಸಾಮಾನು ಇವೆ. ಯಾವುದರ ಮೇಲೆ ಸಿಟ್ಟು? ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಇಡೀ ಪದಾರ್ಥವನ್ನೇ ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ. ಹೊಟ್ಟೆ ಶಾಂತವಾಗಿರುವ ಗುರುವಾರ ಒಂದೊಂದನ್ನೇ ವಾಟಿಗೆ ಹಾಕಿಕೊಂಡು ಮೂಸಿದೆ. ಹಸಿ ಕಡ್ಲಿ ಹಿಟ್ಟು: ಏನೂ ಆಗಲಿಲ್ಲ. ಹುರಿದದ್ದು: ಆಹಾ, ಘಮ ಅಂತು. ಪುಟಾಣಿ (ಹುರಿಗಡಲೆ): ಒಂದು ಮುಷ್ಟಿ ತಿಂದೇ ಬಿಟ್ಟೆ. ಗಾಣದ ಶೇಂಗಾ ಎಣ್ಣೆ ತಣ್ಣಗಿದ್ದಾಗ ಪರವಾಗಿಲ್ಲ. ಕಾಯಿಸಿದಾಗ ಹೊಟ್ಟೆ ಒಂದು ಸಲ ಮಗ್ಗಲು ಬದಲಿಸಿತು. ಕಾದ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಬಿತ್ತು ನೋಡಿ, ಹಿತ್ತಲ ಬಾಗಿಲು! ಕುಸುಬಿ ಎಣ್ಣೆಯಲ್ಲಿ ಮಾಡಿ ನೋಡಿದೆ. ಅದೇ ಕಥೆ, ಸ್ವಲ್ಪ ನಿಧಾನವಾಗಿ ಓಡಿದೆ ಅಷ್ಟೆ.

ಸಿಕ್ಕಿಬಿದ್ದದ್ದು ಒಗ್ಗರಣೆ. ಪಾಪ, ಕಡ್ಲಿ ಹಿಟ್ಟಿನ ಮೇಲೆ ಸುಮ್ನೆ ಅಪವಾದ ಬಂದಿತ್ತು.

ಒಗ್ಗರಣೆ ಬಿಡಲಿಕ್ಕೆ ಇನ್ನೊಂದು ಕಾರಣವೂ ಇದೆ. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಎಣ್ಣೆ ಪದಾರ್ಥ ಮೊದಲೇ ನಿಧಾನ. ಎರಡೂ ಕೂಡಿದರೆ ಮಧ್ಯಾಹ್ನದ ಊಟ ರಾತ್ರಿ ತನಕ ಎದೆಗೆ ಬಂದು ಮಾತಾಡಿಸುತ್ತದೆ. ಜೊತೆಗೆ ಬಿಸಿ ಇದ್ದಷ್ಟು ವಾಸನೆ ಜಾಸ್ತಿ. ಹಾಗಾಗಿ ಹೊಸ ಝುಣಕಕ್ಕೆ ಮೂರು ಷರತ್ತು: ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಿಸಿ ಇಲ್ಲ. ಇದನ್ನು ಕೇಳಿ ಅವ್ವ, "ಹಂಗಾರ ಅದಕ್ಕ ಝುಣಕ ಅಂತ ಯಾಕ ಅಂತಿ?" ಅಂದಳು. ಉತ್ತರ ಕೊಡಲಿಲ್ಲ.

ಹಿಟ್ಟಿನಲ್ಲೇ ಮೊದಲ ಜಗಳ. ಪ್ಯಾಕೆಟ್ ಹಿಟ್ಟಿನಲ್ಲಿ ಬಟಾಣಿ ಬೆರೆಸಿದ್ದಾರೋ ಅಂತ ನನಗೆ ಅನುಮಾನ. ಅದಕ್ಕೆ ಕಡ್ಲಿ ಬೇಳೆ ಕೊಂಡು ಗಿರಣಿಗೆ ಒಯ್ದೆ. ನನ್ನ ಮುಂದಿನವರು ಸಜ್ಜಿ ಬೀಸಿಸಿದ್ದರು. ಮೊದಲ ಹಿಡಿ ತೆಗೆದು ಬೇರೆ ಇಡು ಮಾರಾಯ ಅಂದರೆ, "ಸಜ್ಜಿ ಮೈಗೆ ಛಲೋ ತಗೋರಿ" ಅಂತ ಗಿರಣಿಯವನ ಉಪದೇಶ. ಬೂದು ಬಣ್ಣದ ಕಡ್ಲಿ ಹಿಟ್ಟು ಮನೆಗೆ ಬಂತು. ಮುಂದಿನ ಸಲ ಅವನು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ.

ಹಿಟ್ಟು ಹುರಿಯದೆ ಹಬೆಯಲ್ಲಿ ಬೇಯಿಸಿದರೆ ಹಸಿ ವಾಸನೆ ಉಳಿಯುತ್ತದೆ, ಮೇಲಾಗಿ ರಬ್ಬರಿನ ಚಪ್ಪಲಿ. ಹುರಿದರೆ ಎರಡೂ ಸುಧಾರಿಸುತ್ತವೆ. ಈಗ ಕೂತಿರುವ ಅಳತೆ ಹೀಗಿದೆ: ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದ ಹಿಟ್ಟು ಒಂದು ವಾಟಿ, ನೀರು ಮಜ್ಜಿಗೆ ಎರಡು ವಾಟಿ, ಅರಿಷಿಣ, ಉಪ್ಪು, ತುರಿದ ಹಸಿಶುಂಠಿ, ಸ್ವಲ್ಪ ಬ್ಯಾಡಗಿ ಪುಡಿ. ಗಂಟಿಲ್ಲದ ಹಾಗೆ ಕಲಸಿ, ಎಣ್ಣೆ ಬೆರಳಿನಲ್ಲಿ ಸವರಿದ ತಟ್ಟೆಗೆ ಹುಯ್ದು, ಇಡ್ಲಿ ಪಾತ್ರೆಯಲ್ಲಿ ಸುಮಾರು 20 ನಿಮಿಷ. ಆರಿದ ಮೇಲೆ ಫ್ರಿಜ್. ಮರುದಿನ ಕತ್ತರಿಸಿ ಕೊತ್ತಂಬರಿ ಉದುರಿಸಿದರೆ ಆಯಿತು. ಹುಳಿ ಮಜ್ಜಿಗೆ ಬೇಡ, ನನಗೆ ಹುಳಿಯ ವಾಸನೆಯೂ ಕಾಟ ಕೊಟ್ಟಿತು. ಜೊತೆಗೆ ಮೆತ್ತನೆಯ ರೊಟ್ಟಿಗಿಂತ ಖಡಕ್ ರೊಟ್ಟಿಯೇ ಮೇಲು. ವಾಸನೆ ಕಡಿಮೆ, ಕಟಕಟ ಅನ್ನುವ ಸದ್ದಿಗೆ ಹೊಟ್ಟೆ ತನ್ನ ಚಿಂತೆ ಮರೆಯುತ್ತದೆ.

ಝುಣಕ ವಾಪಸ್ ಬಂತು ನಿಜ, ಆದರೆ ಮುಂದೆ 1.7 ಕಾದಿತ್ತು. ಡೋಸ್ ಏರಿದ ವಾರ ಮತ್ತೆ ಹೊಟ್ಟೆ ತೊಳಸಿದರೆ ಇಷ್ಟು ಕಷ್ಟಪಟ್ಟು ತಂದ ವಡಿಯ ಮೇಲೇ ಸಿಟ್ಟು ಕೂತರೆ? ಇಲ್ಲಿ ಕೈ ಹಿಡಿದದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಐಲೀನ್ ಬರ್ನ್‌ಸ್ಟೈನ್ ಅವರ ಕೆಲಸ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವ ಮಕ್ಕಳು ಚಿಕಿತ್ಸೆಗೆ ಮುಂಚೆ ತಿಂದದ್ದನ್ನು ಆಮೇಲೆ ಒಲ್ಲೆ ಅನ್ನುತ್ತಾರೆ ಅಂತ ಅವರು 1978ರಲ್ಲಿ ಐಸ್‌ಕ್ರೀಮ್ ಕೊಟ್ಟು ತೋರಿಸಿದರು. 1987ರಲ್ಲಿ ಬ್ರೋಬರ್ಗ್ ಅನ್ನುವ ಸಹ ಸಂಶೋಧಕರ ಜೊತೆ ಸೇರಿ ಅದನ್ನೇ ತಿರುಗಿಸಿ ಉಪಯೋಗಿಸಿದರು. ಊಟಕ್ಕೂ ಔಷಧಕ್ಕೂ ನಡುವೆ ಗಾಢ ರುಚಿಯ ಒಂದು ಕ್ಯಾಂಡಿ. ಸಿಟ್ಟೆಲ್ಲ ಕ್ಯಾಂಡಿಯ ಪಾಲಾಗಿ, ಊಟ ತಕ್ಕಮಟ್ಟಿಗೆ ಬಚಾವಾಯಿತು. ಅದು ಕೀಮೋದ ಮಾತು, ನನ್ನ ಸೂಜಿಯದಲ್ಲ. ಆದರೂ ಹೊಟ್ಟೆ ಅಂದರೆ ಹೊಟ್ಟೆಯೇ ಅಲ್ವಾ?

ಬಲಿ ಯಾರನ್ನು ಕೊಡುವುದು? ಹಳೆಯ ಪರಿಚಯದ ರುಚಿ ನಡೆಯುವುದಿಲ್ಲ, ಹೊಸದಕ್ಕೇ ಸಿಟ್ಟು ಬೇಗ ಅಂಟುತ್ತದೆ. ಹೇಗಿದ್ದರೂ ಪೇಡೆಯನ್ನು ಕೊಟ್ಟಿದ್ದರೆ ಧಾರವಾಡದ ನೆಂಟರು ಮನೆ ಮೆಟ್ಟಲು ಹತ್ತಿಸುತ್ತಿರಲಿಲ್ಲ. ಕರದಂಟು, ಕುಂದಾ ಎಲ್ಲ ಬಾಲ್ಯದಿಂದ ಬಾಯಿಗೆ ಬಿದ್ದವು. ಕೊನೆಗೆ ಗೋಕುಲ ರೋಡಿನ ಅಂಗಡಿಯೊಂದರಲ್ಲಿ ನೀಲಿ ಬಣ್ಣದ ಬ್ಲೂಬೆರಿ ಜೆಲ್ಲಿ ಸಿಕ್ಕಿತು. ಹಣ್ಣನ್ನು ನಾನು ಜನ್ಮದಲ್ಲಿ ತಿಂದಿಲ್ಲ, ಆ ನೀಲಿಯನ್ನು ನೋಡಿದರೆ ಜೆಲ್ಲಿಯೂ ತಿಂದಿಲ್ಲ ಅನಿಸುತ್ತದೆ. ನನಗೆ ಹೊಟ್ಟೆ ಕೆಡುವ ಗಳಿಗೆ ಯಾವುದು ಅಂತ ಗೊತ್ತಿರುವುದಿಲ್ಲ, ಅದಕ್ಕೆ ಶನಿವಾರ-ರವಿವಾರ ಪ್ರತಿ ಊಟದ ಹಿಂದೆ ಒಂದು ಜೆಲ್ಲಿ.

1.7 ಬಂತು. ಹೊಟ್ಟೆ ತೊಳಸಿತು, ಚೆನ್ನಾಗಿಯೇ ತೊಳಸಿತು. ಈಗ ಬ್ಲೂಬೆರಿ ಪ್ಯಾಕೆಟ್ ಕಂಡರೆ ಗಂಟಲು ಬಿಗಿಯುತ್ತದೆ, ಮಗಳ ಕಂಪಾಸ್ ಪೆಟ್ಟಿಗೆಯ ನೀಲಿ ಕೂಡ ಸ್ವಲ್ಪ ಅನುಮಾನ ಹುಟ್ಟಿಸುತ್ತದೆ. ವಡಿ ಮಾತ್ರ ಹಾಗೇ ರುಚಿಯಾಗಿದೆ. ಒಬ್ಬನ ಹೊಟ್ಟೆಯ ಲೆಕ್ಕ ಇದು, ತಣ್ಣಗೆ ತಿಂದದ್ದಕ್ಕೇ ಬಚಾವಾಗಿರಲೂಬಹುದು. ಮಧುಮೇಹ ಇದ್ದವರು ಜೆಲ್ಲಿಯ ಸಕ್ಕರೆ ನೋಡಿಕೊಳ್ಳಿ. ನೀರೂ ನಿಲ್ಲದ ವಾಂತಿ, ಬೆನ್ನಿಗೆ ಹಾಯುವ ಜೋರು ಹೊಟ್ಟೆನೋವು ಬಂದರೆ ಜೆಲ್ಲಿ-ಗಿಲ್ಲಿ ಬಿಟ್ಟು ಡಾಕ್ಟರ ಹತ್ತಿರ ಓಡಿ.

ಔಷಧದ ಅಂಗಡಿಯವನ ಬಗ್ಗೆ ಒಂದು ಮಾತು. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅವನು ಏಪ್ರಿಲ್ ಬಿಸಿಲಿನಲ್ಲಿ ಕ್ಯಾರಿ ಬ್ಯಾಗಿಗೆ ಹಾಕಿ ಕೊಟ್ಟ. ಐಸ್ ಪ್ಯಾಕ್ ಕೇಳಿದರೆ, "ಇಲ್ಲೇ ವಿದ್ಯಾನಗರಕ್ಕ ಅಲ್ರೀ?" ಅಂತ. ಈಗ ನಾನೇ ಥರ್ಮೋಕೋಲ್ ಡಬ್ಬಿ ಹಿಡಿದು ಹೋಗುತ್ತೇನೆ. ಚಿಗರಿ ಬಸ್ಸಿನಲ್ಲಿ ಎಲ್ಲರೂ ಕುಲ್ಫಿ ಅಂದುಕೊಳ್ಳುತ್ತಾರೆ.

ಮುಂದಿನ ಕೆಲಸ ಪಂಚಮಿ ಉಂಡಿ. ನಾಗರ ಪಂಚಮಿಗೆ ಉಂಡಿ ತಿನ್ನದಿದ್ದರೆ ಈ ಕಡೆ ಹುಟ್ಟಿ ಏನು ಪ್ರಯೋಜನ? ತುಪ್ಪ ತೀರಾ ಕಡಿಮೆ ಹಾಕಿ ಪುಟಾಣಿ, ಹುರಿದ ಅಗಸಿ, ಬೆಲ್ಲ ಕೂಡಿಸಿ ಸಣ್ಣ ಉಂಡಿ ಕಟ್ಟುವ ಆಲೋಚನೆ. ಅಗಸಿ ಜಾಸ್ತಿಯಾದರೆ ಅಂಟು ಬರುತ್ತದೆ, ಕಡಿಮೆಯಾದರೆ ಉಂಡಿ ನಿಲ್ಲುವುದಿಲ್ಲ. ಆ ಜಗಳ ಈಗಲೇ ಶುರುವಾಗಿದೆ. ಹಬ್ಬ ಸೂಜಿಯ ಮಗ್ಗುಲಿಗೇ ಬರುವ ಹಾಗಿದ್ದರೆ ಸೂಜಿಯ ದಿನ ಬದಲಿಸಬೇಕು. ಎರಡು ಡೋಸ್ ನಡುವೆ ಸಾಕಷ್ಟು ಅಂತರ ಇದ್ದರೆ ಬದಲಿಸಬಹುದು ಅಂತ ಪೆನ್ನಿನ ಚೀಟಿಯಲ್ಲೇ ಇದೆ, ಆದರೂ ಡಾಕ್ಟರನ್ನು ಕೇಳಿಕೊಳ್ಳುತ್ತೇನೆ. ಅದಕ್ಕಿಂತ ಮುಂಚೆ 2.4ರ ವಾರಕ್ಕೆ ಹೊಸ ಬಲಿ ಬೇಕಾಗಿದೆ. ಲೀಚಿ ಆಗುವುದಿಲ್ಲ, ಅದು ನನಗೆ ಇಷ್ಟ. ಪ್ಯಾಷನ್ ಫ್ರೂಟ್ ಕ್ಯಾಂಡಿ ಹುಬ್ಬಳ್ಳಿಯಲ್ಲಿ ಎಲ್ಲಿಯಾದರೂ ಸಿಗುತ್ತದಾ?